ಕೆಂಪಮ್ಮನ ಡಬ್ಬಿ

ನಮ್ಮ ಮನೆಯಲ್ಲಿ ಉದ್ದಿನಬೇಳೆಗೆ ಕೆಂಪಮ್ಮ ಎಂದು ಹೆಸರು. "ಕೆಂಪಮ್ಮ ಮುಗೀತಾ ಬಂತು, ಬರ್ತಾ ಅರ್ಧ ಕೇಜಿ ತನ್ನಿ" ಎಂದು ನಾನು ಫೋನಿನಲ್ಲಿ ಹೇಳಿದರೆ ನಮ್ಮ ಯಜಮಾನರು ಮರುಮಾತಾಡದೆ ಉದ್ದಿನಬೇಳೆಯನ್ನೇ ತರುತ್ತಾರೆ. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಕಾಳುಬೇಳೆಗಳ ಹೆಸರು ಬರೆಯಲು ಹೇಳಿದ್ದಕ್ಕೆ ತೊಗರಿ, ಕಡಲೆ, ಹೆಸರು, ಕೆಂಪಮ್ಮ ಎಂದು ಬರೆದು ಬಂದಿದ್ದಳು. ಅವಳ ಟೀಚರ್ ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದರು. ನಾನೂ ಹೈಸ್ಕೂಲ್ ಟೀಚರೇ ಆದ್ದರಿಂದ ಆ ಚಿಹ್ನೆಯ ಹಿಂದಿನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಕಾರಣ ಇಷ್ಟೇ. ಆ ಬೇಳೆ ಇರುವ ಸ್ಟೀಲ್ ಡಬ್ಬಿಯ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ‘ಕೆಂಪಮ್ಮ, ಮಾರೇನಹಳ್ಳಿ’ ಎಂದು ಕೊರೆದಿದೆ. ನಾವು ಚಿಕ್ಕವರಿದ್ದಾಗ ಹೆಸರು ಹಾಕಿಸದ ಸ್ಟೀಲ್ ಪಾತ್ರೆ ಮನೆಗೆ ಬರುತ್ತಿರಲಿಲ್ಲ. ಪಾತ್ರೆ ಅಂಗಡಿಯವನು ಗುರ್ರೆನ್ನುವ ಒಂದು ಪುಟ್ಟ ಮೆಷಿನ್ನು ಹಿಡಿದು ಕೂತಿರುತ್ತಿದ್ದ. ನಾವು ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಕಣ್ಣು ಕಿರಿದು ಮಾಡಿಕೊಂಡು ಕೊರೆದುಕೊಡುತ್ತಿದ್ದ. ರಾಜಾಜಿನಗರದ ನಮ್ಮ ವಠಾರದಲ್ಲಿ ಎಂಟು ಮನೆಗಳಿಗೆ ಒಂದೇ ನಲ್ಲಿ. ಹೆಸರಿಲ್ಲದ ಬಿಂದಿಗೆ ಅಲ್ಲಿ ಅನಾಥ. ಉಡುಗೊರೆ ಬಂದ ಪಾತ್ರೆಗಳ ಮೇಲಾದರೆ ಕೊಟ್ಟವರ ಹೆಸರೂ ಇರುತ್ತಿತ್ತು. ಅಮ್ಮ ಜೀವನಪರ್ಯಂತ ಮಾತು ಬಿಟ್ಟಿದ್ದ ಒಬ್ಬ ನಾದಿನಿಯ ಹೆಸರಿದ್ದ ಲೋಟದಲ್ಲೇ ನಮ್ಮಪ್ಪ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದರು. ಲೋಟ ಗಟ್ಟಿಯಾಗಿತ್ತು, ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ.

ಕೆಂಪಮ್ಮ ಯಾರು ಎಂದು ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದರು. "ನಮ್ ಕಡೆಯೋರು ಒಬ್ರು" ಎಂದೆ. ಅವರು ಮತ್ತೆ ಕೇಳಲಿಲ್ಲ. ಅದು ಸುಳ್ಳು. ಕೆಂಪಮ್ಮ ನಮ್ಮ ಕಡೆಯವರೂ ಅಲ್ಲ, ಆ ಡಬ್ಬಿ ನಮ್ಮದೂ ಅಲ್ಲ. ನಾನು ವಾಪಸ್ಸು ಕೊಡಬೇಕಿತ್ತು, ಕೊಡಲಿಲ್ಲ, ಮೂವತ್ತು ವರ್ಷವಾಯಿತು.

ಈ ಮೂವತ್ತು ವರ್ಷದ ಲೆಕ್ಕ ತೆಗೆದವಳು ಶೈಲಜಾ. ಬಿ.ಎಸ್ಸಿ.ಯಲ್ಲಿ ನಮ್ಮ ಕ್ಲಾಸ್ ರೆಪ್ ಆಗಿದ್ದವಳು. ಅಂಥವರು ಬದಲಾಗುವುದಿಲ್ಲ. ಆಗ ಆಫೀಸಿನಿಂದ ಚಾಕ್‌ಪೀಸು ಎಣಿಸಿ ತರುತ್ತಿದ್ದವಳು ಈಗ ನಮ್ಮನ್ನು ಒಬ್ಬೊಬ್ಬರನ್ನಾಗಿ ಹುಡುಕಿ ‘ಕೆಮಿಸ್ಟ್ರಿ ಕ್ವೀನ್ಸ್’ ಎಂಬ ವಾಟ್ಸಾಪ್ ಗುಂಪಿಗೆ ತಂದು ಹಾಕಿದಳು. ಮೂವತ್ತನೆಯ ವರ್ಷದ ಪುನರ್ಮಿಲನ ಎಂದಳು. ಎಲ್ಲರೂ ಮರೂನ್ ಬಣ್ಣದ ಸೀರೆ ಉಡಬೇಕು ಎಂದಳು. ಮರೂನೋ ವೈನೋ ಎಂಬ ಬಗ್ಗೆ ನಾಲ್ಕು ದಿನ ಚರ್ಚೆ ನಡೆಯಿತು. ಅಷ್ಟು ಗಂಭೀರವಾದ ಚರ್ಚೆ ನಮ್ಮ ತರಗತಿಯಲ್ಲಿ ಯಾವತ್ತೂ ನಡೆದ ನೆನಪು ನನಗಿಲ್ಲ.

ನಿಜ ಹೇಳಬೇಕೆಂದರೆ ನನಗೆ ಇಂಥ ಸೇರುವಿಕೆಗಳಲ್ಲಿ ದೊಡ್ಡ ಉತ್ಸಾಹವಿಲ್ಲ. ನೋಡಬೇಕು ಅಂತಿದ್ದವರನ್ನು ನೋಡಿಯೇ ಇರುತ್ತೇವೆ. ನಾನು ಇರುವುದು ಆರ್‌ಪಿಸಿ ಲೇಔಟ್‌ನಲ್ಲಿ, ಶೈಲಜಾ ಬಸವೇಶ್ವರನಗರದಲ್ಲಿ. ತರಕಾರಿ ಕೊಳ್ಳುವಾಗ ಎದುರಾಗಬಹುದಾಗಿದ್ದವರು ಮೂವತ್ತು ವರ್ಷ ಎದುರಾಗಲಿಲ್ಲ ಎಂದರೆ ಇಬ್ಬರಿಗೂ ಅಂಥ ತುರ್ತು ಇರಲಿಲ್ಲ ಎಂದೇ ಅರ್ಥ. ಗುಂಪಿನಲ್ಲಿ ಬರುವ ಶುಭೋದಯದ ಹೂವುಗಳನ್ನು ವಾರಕ್ಕೊಮ್ಮೆ ಅಳಿಸಿಕೊಂಡು, ಆ ದಿನಕ್ಕೆ ಏನು ನೆಪ ಹೇಳಿ ತಪ್ಪಿಸಿಕೊಳ್ಳಲಿ ಎಂದು ಯೋಚಿಸುತ್ತ ಆರಾಮಾಗಿದ್ದೆ.

ಒಂದು ಮಧ್ಯಾಹ್ನ ಹೊಸ ನಂಬರಿನಿಂದ ಸಂದೇಶ ಬಂತು. ‘ಎಲ್ರಿಗೂ ನಮಸ್ಕಾರ. ನಾನು ಮಂಜುಳಾ, ಮಾರೇನಹಳ್ಳಿ. ಈಗ ಕೆಂಗೇರಿ. ನಾನು ಫೈನಲ್ ಇಯರ್ ಪೂರ್ತಿ ಮಾಡ್ಲಿಲ್ಲ, ಆದ್ರೂ ಸೇರ್ಸಿದೀರಿ, ಥ್ಯಾಂಕ್ಸ್.’ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಿದ್ದವು. ನಾನು ಏನೂ ಹಾಕಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಉದ್ದಿನಬೇಳೆಯನ್ನು ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಕೆಂಪಮ್ಮನನ್ನು ತೊಳೆದು, ಬೋರಲು ಹಾಕಿದೆ.

ಕೆಂಪಮ್ಮ ಮಂಜುಳಾಳ ತಾಯಿ.

ಮಂಜುಳಾ ಮತ್ತು ನಾನು ಮೂರು ವರ್ಷ ಒಂದೇ ಬೆಂಚು, ಪ್ರಯೋಗಾಲಯದಲ್ಲಿ ಒಂದೇ ಮೇಜು. ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಟ್ಟು, ಕೆಳಗಿನ ಫ್ಲಾಸ್ಕಿನಲ್ಲಿ ತಿಳಿಗುಲಾಬಿ ಬಂದ ತಕ್ಷಣ ನಿಲ್ಲಿಸಬೇಕು, ಅದೇ ಟೈಟ್ರೇಷನ್. ಮಂಜುಳಾ ಸರಿಯಾಗಿ ಆ ಒಂದು ಹನಿಗೆ ನಿಲ್ಲಿಸುತ್ತಿದ್ದಳು. ನನ್ನದು ಯಾವಾಗಲೂ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣಕ್ಕೆ ಹೋಗಿಯೇ ನಿಲ್ಲುತ್ತಿತ್ತು. ಅವಳ ಅಂಕಿಗಳನ್ನು ನೋಡಿಕೊಂಡು ನನ್ನದನ್ನು ತುಸು ಆಚೀಚೆ ಮಾಡಿ ರೆಕಾರ್ಡಿನಲ್ಲಿ ಬರೆಯುತ್ತಿದ್ದೆ. ಈಗ ನಾನು ಮಕ್ಕಳಿಗೆ ವಿಜ್ಞಾನದಲ್ಲಿ ಪ್ರಾಮಾಣಿಕತೆಯ ಬಗ್ಗೆ ಪಾಠ ಮಾಡುತ್ತೇನೆ, ಅದು ಬೇರೆ ಮಾತು.

ಮಾರೇನಹಳ್ಳಿಯಲ್ಲಿ ಅವರದು ಹಳೆಯ ಒಕ್ಕಲು ಮನೆ. ಸುತ್ತ ಸೈಟುಗಳಾಗಿ ಬೀದಿಗಳಾಗಿದ್ದರೂ ಆ ಮನೆಯ ಹಿಂದೆ ಕೊಟ್ಟಿಗೆಯಿತ್ತು, ನಾಲ್ಕು ಹಸುಗಳಿದ್ದವು. ನಾನು ಮೊದಲ ಸಲ ಹೋದಾಗ ಕೆಂಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವ್ವ, ಗಾಳಿಗೆ ಹಾರೋಗಂಗಿದೀಯಾ" ಎಂದು ಒಂದು ಡಬ್ಬಿ ತುಂಬ ಬೆಣ್ಣೆ ಕೊಟ್ಟು ಕಳಿಸಿದರು. ನಮ್ಮಮ್ಮ ಆ ಡಬ್ಬಿ ತೊಳೆದು, ಅದರ ತುಂಬ ಚಕ್ಕುಲಿ ಹಾಕಿ ಮರಳಿಸಿದಳು. ಅಲ್ಲಿಂದ ಅವರೆಕಾಳು ಬಂತು, ಇಲ್ಲಿಂದ ನಿಪ್ಪಟ್ಟು ಹೋಯಿತು. ಅಲ್ಲಿಂದ ಗಿಣ್ಣು, ಇಲ್ಲಿಂದ ರವೆಉಂಡೆ. ಡಬ್ಬಿ ಎರಡು ಮನೆಗಳ ಮಧ್ಯೆ ಬಿಟಿಎಸ್ ಬಸ್ಸಿನಂತೆ ಮೂರು ವರ್ಷ ಓಡಾಡಿತು.

ಖಾಲಿ ಡಬ್ಬಿ ವಾಪಸ್ಸು ಕೊಡಬಾರದು ಎಂಬುದು ನಿಮ್ಮ ಮನೆಯಲ್ಲೂ ಇದ್ದೀತು. ನೆರೆಮನೆಗಾದರೆ ಒಂದು ಚಮಚ ಸಕ್ಕರೆ ಹಾಕಿ ಕೊಟ್ಟರೂ ನಡೆಯುತ್ತದೆ. ಆದರೆ ಮಂಜುಳಾ ಮನೆಯ ವಿಷಯದಲ್ಲಿ ಅಮ್ಮನದು ಬೇರೆ ಕಟ್ಟಳೆ. "ಬೆಣ್ಣೆ ತುಂಬಿ ಬಂದ ಡಬ್ಬಿಗೆ ಸಕ್ಕರೆ ಹಾಕ್ಕೊಟ್ರೆ ಏನಂದ್ಕೊಳ್ತಾರೆ? ನಾವು ಫ್ಯಾಕ್ಟ್ರಿಯೋರು ಇರ್ಬಹುದು, ಗತಿಗೆಟ್ಟೋರಲ್ಲ" ಎನ್ನುತ್ತಿದ್ದಳು. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸದಲ್ಲಿದ್ದರು. ಹಾಗಾಗಿ ಆ ಡಬ್ಬಿಯ ಬಾಯಿವರೆಗೂ ನಮ್ಮ ಮನೆಯ ಮರ್ಯಾದೆ ತುಂಬಿರಬೇಕಾಗಿತ್ತು.

ಮಂಜುಳಾಳ ಅಪ್ಪ ನನ್ನನ್ನು ಮೇಡಮ್ಮೋರು ಎಂದು ಕರೆಯುತ್ತಿದ್ದರು. ಅವರ ಬೀದಿಯಲ್ಲಿ ದೀಪದ ಕಂಬ ಇರಲಿಲ್ಲ. ಒಂದು ಭಾನುವಾರ ಅವರು ಕೇಳಿದರೆಂದು ನಾನು ಅರ್ಜಿ ಬರೆದುಕೊಟ್ಟೆ. ತಿಂಗಳೊಳಗೆ ಕಂಬ ಬಂತು, ದೀಪವೂ ಉರಿಯಿತು. ಚುನಾವಣೆ ಹತ್ತಿರವಿದ್ದುದರಿಂದ ಬಂದದ್ದು ಎಂದು ನನಗೆ ಗೊತ್ತಿತ್ತು; ಅವರು ಮಾತ್ರ ಅದು ನನ್ನ ಕೈಬರಹದ ಮಹಿಮೆ ಎಂದೇ ನಂಬಿದರು. ಹಸು ಕಟ್ಟುವಾಗಲೂ ಗುಡುಗುವ ಆ ಮನುಷ್ಯ ನನ್ನೆದುರು ದನಿ ತಗ್ಗಿಸುತ್ತಿದ್ದರು.

ಕೊನೆಯ ವರ್ಷ, ಪರೀಕ್ಷೆಗೆ ಒಂದೂವರೆ ತಿಂಗಳಿರುವಾಗ, ಒಂದು ಗುರುವಾರ ಪ್ರಯೋಗಾಲಯದಲ್ಲಿ ಮಂಜುಳಾ ಬ್ಯೂರೆಟ್ಟಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು:

"ಗಿರಿಜಾ, ಭಾನುವಾರ ನಮ್ಮನೆಗ್ ಬಾ. ಸೋಮವಾರ ಗಂಡಿನ ಕಡೆಯೋರು ಮಾತಾಡೋಕ್ ಬರ್ತಿದಾರೆ. ಈ ತಿಂಗ್ಳೇ ಮಾಡ್ಬಿಡೋಣ ಅಂತಿದಾರೆ. ಪರೀಕ್ಷೆ ಬರ್ದಾದ್ಮೇಲೆ ಮದುವೆ ಇಟ್ಕೊಳ್ಳಿ ಅಂತ ನೀನು ಅಪ್ಪಂಗೆ ಹೇಳು. ನಾನ್ ಹೇಳಿದ್ರೆ ಬಾಯ್ ಮುಚ್ಚು ಅಂತಾರೆ. ನೀನ್ ಹೇಳಿದ್ರೆ ಕೇಳ್ತಾರೆ."

"ಬರ್ತೀನಿ. ಹೆಂಗೂ ನಿಮ್ ಡಬ್ಬಿ ನಮ್ಮನೇಲೇ ಇದೆ, ಅದನ್ನೂ ತರ್ತೀನಿ" ಎಂದೆ.

ಶುಕ್ರವಾರದಿಂದ ಅವಳು ಕಾಲೇಜಿಗೆ ಬರಲಿಲ್ಲ. ನಾನು ಅಮ್ಮನಿಗೆ ಡಬ್ಬಿ ಕೊಡಬೇಕು ಎಂದಷ್ಟೇ ಹೇಳಿದೆ. ಅಮ್ಮ ಕೋಡುಬಳೆ ಎಂದು ತೀರ್ಮಾನಿಸಿ, ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿದಳು. ಶನಿವಾರ ಸಂಜೆ ನಾನು ಅದನ್ನು ಹೊತ್ತುಕೊಂಡು ಗಿರಣಿಗೆ ಹೋದರೆ ಕರೆಂಟಿರಲಿಲ್ಲ. ಭಾನುವಾರ ಗಿರಣಿಗೆ ರಜ. "ಬರೋ ಭಾನುವಾರ ಹೋದ್ರಾಯ್ತು ಬಿಡೇ. ಅವ್ರೇನು ಊರು ಬಿಟ್ಟು ಓಡೋಗ್ತಾರಾ?" ಎಂದಳು ಅಮ್ಮ. ಖಾಲಿ ಡಬ್ಬಿ ಹಿಡಿದು ಹೋಗುವ ಮಾತೇ ಇರಲಿಲ್ಲ. ಡಬ್ಬಿಯಿಲ್ಲದೆ ಬರಿಗೈಯಲ್ಲಿ ಹೋದರೆ, ಡಬ್ಬಿ ತರುತ್ತೇನೆ ಎಂದಿದ್ದೆನಲ್ಲ! ಆ ಭಾನುವಾರ ಮನೆಯಲ್ಲೇ ಉಳಿದು ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆ.

ಮುಂದಿನ ಭಾನುವಾರ ತುಂಬಿದ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಮಾರೇನಹಳ್ಳಿಯ ಅವರ ಬೀದಿಯ ತಿರುವಿನಲ್ಲಿ, ನನ್ನ ಅರ್ಜಿಯಿಂದ ಬಂದ ಕಂಬದ ಹತ್ತಿರ ನಿಂತು ನೋಡಿದರೆ ಮನೆ ಮುಂದೆ ಚಪ್ಪರಕ್ಕೆ ಗುಂಡಿ ತೋಡುತ್ತಿದ್ದರು. ಮಂಜುಳಾಳ ಅಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಳತೆ ಹೇಳುತ್ತಿದ್ದರು. ನಾನು ಅಲ್ಲಿಂದಲೇ ಹಿಂತಿರುಗಿದೆ. ಅಮ್ಮನಿಗೆ "ಮನೇಲಿ ಯಾರೂ ಇರ್ಲಿಲ್ಲ" ಎಂದೆ. ಕೋಡುಬಳೆಗಳನ್ನು ನಾವೇ ತಿಂದೆವು. ಚೆನ್ನಾಗಿಯೇ ಆಗಿದ್ದವು, ಅದನ್ನೂ ಹೇಳಿಬಿಡುತ್ತೇನೆ. ಮದುವೆಗೆ ಕರೆಯೋಲೆ ಬಂತು. ಓದಿಕೊಳ್ಳಬೇಕು ಎಂದು ಹೇಳಿ ನಾನು ಹೋಗಲಿಲ್ಲ. ಡಬ್ಬಿ ನನ್ನ ಹತ್ತಿರವೇ ಉಳಿಯಿತು. ನಾನು ಎರಡನೆಯ ದರ್ಜೆಯಲ್ಲಿ ಪಾಸಾದೆ, ಆಮೇಲೆ ಬಿ.ಎಡ್. ಮಾಡಿದೆ, ಟೀಚರಾದೆ.

ಹೀಗಾಗಿ ಪುನರ್ಮಿಲನಕ್ಕೆ ನೆಪ ಹೇಳುವ ಯೋಚನೆ ಬಿಟ್ಟು ಹಿಂದಿನ ದಿನ ಕೋಡುಬಳೆ ಮಾಡಲು ಕುಳಿತೆ. ಮಿಕ್ಸಿಯಿದೆ, ಪ್ಯಾಕೆಟ್ಟಿನಲ್ಲಿ ಅಕ್ಕಿಹಿಟ್ಟಿದೆ. ಒಟ್ಟು ಒಂದೂಕಾಲು ಗಂಟೆಯ ಕೆಲಸ. ಯಜಮಾನರು ಒಂದನ್ನು ಬಾಯಿಗೆ ಹಾಕಿಕೊಂಡು, "ಕೆಂಪಮ್ಮನ್ನ ಎಲ್ಲಿಗ್ ಕರ್ಕೊಂಡ್ ಹೋಗ್ತಾ ಇದೀಯಾ?" ಎಂದರು. "ಅವ್ರ ಮನೆಗೆ" ಎಂದೆ.

ಪುನರ್ಮಿಲನ ರಾಜಾಜಿನಗರದ ಒಂದು ಹೋಟೆಲಿನ ಮೂರನೆಯ ಮಹಡಿಯಲ್ಲಿತ್ತು. ಮರೂನಿನ ಅಷ್ಟೂ ಛಾಯೆಗಳೂ ಬಂದಿದ್ದವು. "ನೀನ್ ಒಂಚೂರೂ ಬದಲಾಗಿಲ್ಲ ಕಣೇ" ಎಂದು ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರು. ಹೇಳಿದ ಮೇಲೆ ಶೈಲಜಾಳ ಕಡೆ ವಾಲಿ, ಇವಳು ಯಾರು ಎಂದು ಕೇಳುತ್ತಿದ್ದರು. ಸಂಗೀತ ಕುರ್ಚಿ ಆಟ ಇಟ್ಟಿದ್ದರು. ಮಂಡಿನೋವಿನವರಿಗೆಲ್ಲ ವಿನಾಯಿತಿ ಎಂದಾಗ ಆಟಕ್ಕೆ ನಾಲ್ಕೇ ಜನ ಉಳಿದರು. ಕುರ್ಚಿಗಳು ಐದಿದ್ದವು. ಒಬ್ಬರೂ ಔಟಾಗದೆ ಹಾಡು ಮುಗಿಯಿತು.

ಮಂಜುಳಾ ಸ್ವಲ್ಪ ತಡವಾಗಿ ಬಂದಳು. ಮೈ ತುಂಬಿಕೊಂಡಿದ್ದಾಳೆ, ಕೂದಲಿಗೆ ಬಣ್ಣ ಹಚ್ಚಿಲ್ಲ, ಉಟ್ಟದ್ದು ಹಸಿರು ಸೀರೆ. "ಮರೂನ್ ಇದ್ದಿದ್ದು ಒಂದೇ, ಅದು ಡ್ರೈಕ್ಲೀನಿಂಗಿಗ್ ಹೋಗಿದೆ" ಎಂದಳು. ಕೆಂಗೇರಿಯಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿಯಂತೆ. ಗಂಡ ಸಾಮಾನು ತರುತ್ತಾರೆ, ಅಂಗಡಿಯಲ್ಲಿ ಕೂರುವವಳು ಇವಳು. ಯಾವ ಪೈಪಿಗೆ ಯಾವ ಅಂಟು ಎಂದು ಪ್ಲಂಬರುಗಳು ಇವಳನ್ನೇ ಕೇಳುತ್ತಾರಂತೆ. ನನ್ನನ್ನು ದೂರದಿಂದಲೇ ನೋಡಿ ಕೈಯೆತ್ತಿದಳು. ನಾನೂ ಎತ್ತಿದೆ. ಡಬ್ಬಿಯ ಚೀಲ ಇನ್ನೊಂದು ಕೈಯಲ್ಲಿತ್ತು.

ಆಮೇಲೆ ನಮ್ಮ ಕೆಮಿಸ್ಟ್ರಿ ಮೇಡಂಗೆ ಸನ್ಮಾನ. ಎಂಬತ್ತು ದಾಟಿದ ಅವರು ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಲಿಗೆ ಬಿದ್ದವರನ್ನೆಲ್ಲ "ನೀನು ಪಾಸಾದೆ ತಾನೇ?" ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತ ಹೌದು ಎನ್ನುತ್ತಿದ್ದರು. ಮಂಜುಳಾಳ ಸರದಿ ಬಂತು.

"ಇಲ್ಲ ಮೇಡಂ. ಪರೀಕ್ಷೆಗೇ ಕೂರ್ಲಿಲ್ಲ."

ಮೇಡಂ ಅವಳ ಗಲ್ಲ ಹಿಡಿದು ನೋಡಿದರು. "ಅಯ್ಯೋ, ನೀನು ಟೈಟ್ರೇಷನ್ ಚೆನ್ನಾಗ್ ಮಾಡ್ತಿದ್ಯಲ್ಲಮ್ಮ" ಎಂದರು. ಇಷ್ಟು ವರ್ಷಗಳಲ್ಲಿ ಅವರಿಗೆ ನೆನಪಿದ್ದದ್ದು ಅದೊಂದೇ ಕೈ ಎಂದು ಕಾಣುತ್ತದೆ. ನನ್ನನ್ನು ಅವರು ಶೈಲಜಾ ಎಂದು ತಿಳಿದಿದ್ದರು.

ಕೊನೆಗೆ ಎಲ್ಲರಿಗೂ ಒಂದೊಂದು ಮರದ ಫಲಕ ಕೊಟ್ಟರು. ಶೈಲಜಾ ಹೆಸರುಗಳ ಪಟ್ಟಿ ಕೊಟ್ಟು ಎಲ್ಲದರ ಮುಂದೆಯೂ ಒಂದೇ ಸಮನೆ ಬಿ.ಎಸ್ಸಿ. ಎಂದು ಅಚ್ಚು ಹಾಕಿಸಿದ್ದಳು. ಮಂಜುಳಾಳ ಫಲಕದ ಮೇಲೂ ‘ಮಂಜುಳಾ, ಬಿ.ಎಸ್ಸಿ.’ ಎಂದಿತ್ತು. ಶೈಲಜಾಳ ಮುಖ ಸಣ್ಣಗಾಯಿತು. "ಸಾರಿ ಕಣೇ, ನಂಗೆ ಹೊಳೀಲೇ ಇಲ್ಲ" ಎಂದಳು. ಮಂಜುಳಾ ಫಲಕವನ್ನು ಸೆರಗಿನಿಂದ ಒರೆಸಿ, "ಇರ್ಲಿ ಬಿಡೇ. ಓದ್ದೇ ಸಿಕ್ತಲ್ಲ, ಲಾಭಾನೇ" ಎಂದು ಚೀಲಕ್ಕೆ ಹಾಕಿಕೊಂಡಳು.

ಊಟದ ಹೊತ್ತಿನಲ್ಲಿ ನಾನು ಅವಳ ಪಕ್ಕ ಕುಳಿತು ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವಳು ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಜೋರಾಗಿ ನಗತೊಡಗಿದಳು.

"ನಿನ್ ಹತ್ರಾನೇ ಉಳೀತೇನೇ ಇದು! ಮದುವೆ ಗಡಿಬಿಡೀಲಿ ನಂಗೂ ಮರ್ತೋಗಿತ್ತು, ಅಮ್ಮಂಗೂ. ಇದು ಒಂದರೊಳಗೊಂದು ಕೂರೋ ಐದರ ಸೆಟ್ಟು ಕಣೇ. ನಾಲ್ಕನೇದು ಕಾಣ್ತಿಲ್ಲ ಅಂತ ಅಮ್ಮ ಚಿಕ್ಕಮ್ಮನ ಮೇಲೆ ಅನುಮಾನ ಪಟ್ಳು. ಸಾಯೋವರ್ಗೂ ಪಟ್ಳು. ಹಬ್ಬಕ್ಕೆ ಚಿಕ್ಕಮ್ಮ ಬಂದ್ರೆ ಅಡುಗೆಮನೆ ಬಾಗಿಲಲ್ಲೇ ಕೂತಿರ್ತಿದ್ಳು."

ಕೆಂಪಮ್ಮ ತೀರಿಕೊಂಡು ಆರು ವರ್ಷವಾಯಿತಂತೆ. ಉಳಿದ ನಾಲ್ಕು ಡಬ್ಬಿಗಳು ಈಗ ಮಂಜುಳಾ ಮನೆಯಲ್ಲಿವೆ. ಅಪ್ಪನೂ ಇವಳ ಹತ್ತಿರವೇ ಇದ್ದಾರೆ. ನಾನು ಆ ಚಿಕ್ಕಮ್ಮನಿಗೂ ಮನಸ್ಸಿನಲ್ಲೇ ಒಂದು ಕ್ಷಮೆ ಕೇಳಿಕೊಂಡು, ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆದೆ. ಗಿರಣಿಯ ಕರೆಂಟು, ಭಾನುವಾರದ ರಜ, ಅಮ್ಮನ ಕಟ್ಟಳೆ, ಚಪ್ಪರದ ಗುಂಡಿ. ಒಪ್ಪವಾಗಿ ಹೇಳಿದೆ. ಮೂವತ್ತು ವರ್ಷ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸವಾಗಿತ್ತು.

ಅವಳು ಕೇಳಿಸಿಕೊಂಡಳು. ಒಂದು ಕೋಡುಬಳೆ ತೆಗೆದು ಮುರಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ.

"ಖಾಲಿ ಡಬ್ಬಿನೇ ತಗೊಂಡ್ ಬರ್ಬಾರ್ದಿತ್ತಾ?"

ನಾನು ಮೇಜಿನ ಮೇಲೆ ಬಿದ್ದ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿದೆ.

"ಅವತ್ತು ಬೆಳಿಗ್ಗೆಯಿಂದ ಜಗಲಿ ಮೇಲೇ ಕೂತಿದ್ದೆ. ಗಿರಿಜಾ ಬರ್ತಾಳೆ ಅಂತ ಅಮ್ಮಂಗೂ ಹೇಳಿದ್ದೆ. ಅಪ್ಪನೂ ಎಲ್ಲೂ ಹೋಗ್ಲಿಲ್ಲ, ಮನೇಲೇ ಇದ್ರು. ನೀನ್ ಹೇಳಿದ್ರೂ ಅವ್ರು ಒಪ್ತಿದ್ರೋ ಇಲ್ವೋ, ಆ ಮಾತು ಬೇರೆ. ಆದ್ರೆ ಇವಳು ಪರೀಕ್ಷೆ ಬರೀಲಿ ಅಂತ ಆ ಮನೇಲಿ ಒಬ್ರ ಬಾಯಲ್ಲೂ ಬರ್ಲಿಲ್ಲ ಕಣೇ. ಒಂದ್ಸಲಾನೂ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ಪೈಪು ಎಲ್ಲಿ ಸೋರುತ್ತಿದೆ ಎಂದು ತೋರಿಸುವವರ ಹಾಗೆ ಹೇಳಿದಳು. ನನಗೆ ಸಿಟ್ಟೇ ವಾಸಿಯಿತ್ತು ಎನ್ನಿಸಿತು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಅವಳಿಗೆ ಆ ದಿನ ಹೇಳಲಿಲ್ಲ. ಗಿರಣಿಯ ಬಾಗಿಲಲ್ಲಿ ಅಕ್ಕಿ ಹಿಡಿದು ನಿಂತಾಗ, ಕರೆಂಟಿಲ್ಲ ನಾಳೆ ರಜ ಎಂದು ಕೇಳಿ ನನಗೆ ಒಳಗೊಳಗೇ ಹಾಯೆನಿಸಿತ್ತು. ಆ ಗುಡುಗುವ ಮನುಷ್ಯನ ಮುಂದೆ ನಿಂತು ನಿಮ್ಮ ಮಗಳ ಮದುವೆ ಮುಂದೆ ಹಾಕಿ ಎನ್ನುವುದು ನನ್ನಿಂದಾಗುತ್ತಿರಲಿಲ್ಲ. ಮೇಡಮ್ಮೋರು ಎಂಬ ಮರ್ಯಾದೆ ಒಂದು ಮಾತಿಗೆ ಹೋಗಿಬಿಟ್ಟರೆ ಎಂಬ ಅಂಜಿಕೆ. ಅಮ್ಮನಿಗೆ ನಿಜ ಹೇಳಿದ್ದರೆ, ಡಬ್ಬಿ ಹಾಳಾಗಲಿ ಓಡೇ ಎಂದು ಅಟ್ಟಿಬಿಡುತ್ತಿದ್ದಳು. ಅದಕ್ಕೇ ಹೇಳಲಿಲ್ಲ. ಇಷ್ಟು ವರ್ಷ ಗಿರಣಿಯ ಮೇಲೆ, ಅಮ್ಮನ ಮೇಲೆ, ಕೋಡುಬಳೆಯ ಮೇಲೆ ಹಾಕಿಕೊಂಡು ಬಂದೆ. ನಾಚಿಕೆಯಾಗುತ್ತದೆ.

ಮಂಜುಳಾ ಎದ್ದು, ಡಬ್ಬಿ ಹಿಡಿದು, ಪಂಕ್ತಿಯಲ್ಲಿ ಕೂತವರಿಗೆಲ್ಲ ಎರಡೆರಡು ಕೋಡುಬಳೆ ಹಂಚಿಕೊಂಡು ಬಂದಳು. ಖಾಲಿಯಾದ ಡಬ್ಬಿಯನ್ನು ಕಾಗದದ ಟವೆಲಿನಿಂದ ಒರೆಸಿ ಮುಚ್ಚಳ ಹಾಕಿ ನನ್ನ ಮುಂದೆಯೇ ಇಟ್ಟಳು.

"ಬರೋ ಭಾನುವಾರ ಮನೆಗ್ ತಗೊಂಡ್ ಬಾ. ಹಿಂಗೇ ತಗೊಂಡ್ ಬಾ. ಒಳಗೆ ಏನಾದ್ರೂ ಹಾಕಿದ್ಯೋ, ಬಾಗ್ಲು ತೆಗೆಯಲ್ಲ."

ನೀವು ನಗಬೇಡಿ, ಆ ಭಾನುವಾರ ಬೆಳಿಗ್ಗೆ ಡಬ್ಬಿಯನ್ನು ಚೀಲಕ್ಕೆ ಹಾಕುವಾಗ ನನ್ನ ಕೈ ತಾನಾಗಿ ಸಕ್ಕರೆ ಡಬ್ಬದ ಕಡೆ ಹೋಯಿತು. ಎರಡು ಸಲ ಹೋಯಿತು. ಅಮ್ಮ ಇಲ್ಲವಾಗಿ ಬಹಳ ವರ್ಷವಾದರೂ ಅವಳು ಎಲ್ಲೋ ಹಿಂದೆ ನಿಂತು ನೋಡುತ್ತಿದ್ದಾಳೆ ಎನ್ನಿಸಿತು. ಹೇಗೋ ಹೊರಬಿದ್ದೆ. ವಿಜಯನಗರ ಮೆಟ್ರೋ ನಿಲ್ದಾಣದಲ್ಲಿ ಚೀಲ ಪರೀಕ್ಷಿಸುವ ಹುಡುಗಿ ತಡೆದಳು.

"ಮೇಡಂ, ಡಬ್ಬದಲ್ಲಿ ಏನಿದೆ?"

"ಏನಿಲ್ಲಮ್ಮ."

ಅವಳಿಗೆ ನಂಬಿಕೆಯಾಗಲಿಲ್ಲ. ತೆಗೆಯಲು ಹೇಳಿದಳು. ತೆಗೆದೆ. ಅವಳು ಒಳಗೆ ನೋಡಿ, ನನ್ನ ಮುಖ ನೋಡಿ, ರೇಷ್ಮೆ ಸೀರೆ ನೋಡಿ, "ಖಾಲಿ ಡಬ್ಬ ಯಾಕ್ ತಗೊಂಡ್ ಹೋಗ್ತಿದೀರಾ?" ಎಂದಳು. ವಾಪಸ್ಸು ಕೊಡಬೇಕು ಎಂದೆ. "ಹಿಂಗೇನಾ?" ಎಂದಳು. ಅವಳ ಮನೆಯಲ್ಲೂ ಆ ಕಟ್ಟಳೆ ಇದ್ದಿರಬೇಕು.

ವಿಜಯನಗರದಿಂದ ಕೆಂಗೇರಿಗೆ ಅರ್ಧ ಗಂಟೆಯೂ ಆಗುವುದಿಲ್ಲ. ಕೂತು ಬೆವರು ಆರುವಷ್ಟರಲ್ಲಿ ಇಳಿಯುವ ಜಾಗ ಬಂತು. ಅಂಗಡಿಯ ಮೇಲೆಯೇ ಮನೆ. ಮಂಜುಳಾ ಬಾಗಿಲಲ್ಲೇ ಮುಚ್ಚಳ ತೆಗೆದು ನೋಡಿದಳು, ಮೂಸಿಯೂ ನೋಡಿದಳು, ಆಮೇಲೆ ಒಳಗೆ ಬಿಟ್ಟಳು. ಟಿವಿಯ ಪಕ್ಕ ಆ ಮರದ ಫಲಕ ನಿಂತಿತ್ತು. ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿಗಳನ್ನು ಇಳಿಸಿದಳು. ಮೂರನೆಯದರೊಳಗೆ ಸಣ್ಣ ಐದನೆಯದು ಲಟಲಟ ಎಂದು ಅಲ್ಲಾಡುತ್ತಿತ್ತು. ಅದನ್ನು ತೆಗೆದು, ನಾನು ತಂದದ್ದನ್ನು ಇಳಿಸಿ, ಅದರೊಳಗೆ ಐದನೆಯದನ್ನು ಕೂರಿಸಿದಳು. ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಸದ್ದಾಗಲಿಲ್ಲ.

"ಸರಿ. ಈಗ ಹೇಳು, ಅವತ್ತು ಅಪ್ಪನ ಹತ್ರ ಏನ್ ಹೇಳ್ಬೇಕು ಅಂತಿದ್ದೆ?"

ನಾನು ತಡವರಿಸಿದೆ. "ನೀನ್ ಹೇಳಿದ್ದೇ. ಪರೀಕ್ಷೆ ಬರ್ದಾದ್ಮೇಲೆ ಇಟ್ಕೊಳ್ಳಿ ಅಂತ."

"ಹೋಗಿ ಹೇಳು. ಬಾಲ್ಕನೀಲಿ ಬಿಸಿಲಿಗೆ ಕೂತಿದಾರ್ ನೋಡು."

"ಈಗ್ಯಾಕೆ ಮಂಜುಳಾ?"

"ಯಾರಾದ್ರೂ ಒಬ್ರು ಹೇಳಿದ್ದು ನಾನ್ ಕೇಳ್ಬೇಕು" ಎಂದಳು. ಅವಳು ನಗುತ್ತಿರಲಿಲ್ಲ.

ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಫ್ಲರ್ ಸುತ್ತಿಕೊಂಡು ಕೂತಿದ್ದ ಆ ಮನುಷ್ಯನನ್ನು ನಾನು ಗುರುತು ಹಿಡಿಯುತ್ತಿರಲಿಲ್ಲ. ಅಷ್ಟು ಸಣ್ಣಗಾಗಿದ್ದರು. ಮಂಜುಳಾ ಹಿಂದಿನಿಂದ ಕೂಗಿ ಹೇಳಿದಳು: "ಅಪ್ಪಾ, ಗಿರಿಜಾ ಬಂದಿದಾಳೆ. ಲೈಟ್ ಕಂಬಕ್ಕೆ ಅರ್ಜಿ ಬರ್ಕೊಟ್ಟಿದ್ಲಲ್ಲ."

"ಓ, ಮೇಡಮ್ಮೋರಾ!" ಎಂದು ಎದ್ದು ನಿಲ್ಲಲು ಹೋದರು. ನಾನು ಹಿಡಿದು ಕೂರಿಸಿದೆ. "ಬನ್ನಿ ಬನ್ನಿ. ಭಾನ್ವಾರ ಬತ್ತಾರೆ ಅಂತ ಮಂಜಿ ಹೇಳ್ತಾ ಇತ್ತು."

ಯಾವ ಭಾನುವಾರ ಎಂದು ನಾನು ಕೇಳಲಿಲ್ಲ. ಅವರ ಕುರ್ಚಿಯ ಮುಂದೆ ನಿಂತೆ.

"ಅಪ್ಪಾಜಿ, ಮಂಜುಳಾ ಚೆನ್ನಾಗ್ ಓದ್ತಾಳೆ. ಇನ್ನು ಒಂದೂವರೆ ತಿಂಗ್ಳಲ್ಲಿ ಪರೀಕ್ಷೆ ಇದೆ. ಅದು ಬರ್ದಾದ್ಮೇಲೆ ಮದುವೆ ಇಟ್ಕೊಳ್ಳಿ."

ಅಷ್ಟೇ ಇದ್ದದ್ದು. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅವರು ಮಫ್ಲರನ್ನು ಕಿವಿಯಿಂದ ಸರಿಸಿಕೊಂಡು ಕೇಳಿದರು. ತಲೆಯಾಡಿಸಿದರು. "ಬರ್ಕೊಳ್ಲಿ ಬುಡವ್ವ, ಅದ್ಕೇನಂತೆ. ಒಂದೂವರೆ ತಿಂಗ್ಳು ತಾನೆ? ಗಂಡಿನ ಕಡೆಯೋರ್ಗೆ ನಾನ್ ಹೇಳ್ತೀನಿ."

ನಾನು ತಿರುಗಿ ನೋಡಿದೆ. ಮಂಜುಳಾ ಬಾಗಿಲಿಗೆ ಒರಗಿ ನಿಂತಿದ್ದಳು.

"ಈಗ ಎಲ್ಲದಕ್ಕೂ ಹೂಂ ಅಂತಾರೆ ಕಣೇ" ಎಂದಳು. "ಮೊನ್ನೆ ಗ್ಯಾಸ್ ತಂದೋನು ಕೇಳ್ದ ಅಂತ ಮಾರೇನಹಳ್ಳಿ ಕೊಟ್ಟಿಗೇನೇ ಅವನಿಗೆ ಬಾಡಿಗೆಗ್ ಕೊಟ್ಬಿಟ್ರು. ಅದನ್ನ ಕೆಡವಿ ಇಪ್ಪತ್ ವರ್ಷ ಆಯ್ತು." ಹೇಳುತ್ತಲೇ ನಕ್ಕಳು. ಕಾಫಿ ತರುತ್ತೇನೆ ಎಂದು ಒಳಗೆ ಹೋದಳು.

ನಾನು ಅವರ ಪಕ್ಕದಲ್ಲಿ ಕುಳಿತೆ. ಬೀದಿ ದೀಪ ಉರಿಯುತ್ತಿದೆಯೇ ಎಂದು ಕೇಳಿದರು. ಉರಿಯುತ್ತಿದೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು, ಮತ್ತೆ ಹೇಳಿದೆ. ಅಡುಗೆಮನೆಯಲ್ಲಿ ಒಲೆ ಹಚ್ಚಿದ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.